ಮೆತ್ತಗಾದ ಮುರುಗಲು ತುಪ್ಪ: ಬೀಜದ ಕೊಬ್ಬಿನಿಂದ ಮರ ಗುರುತಿಸಲು ಹೊರಟ ಒಂದು ಪ್ರಕರಣ

ಈ ಬರಹದಲ್ಲಿ ಬರುವ ಊರು, ಸಂಘ, ಮನೆತನ, ಖರೀದಿದಾರ, ಪ್ರಯೋಗಾಲಯ ಯಾವುದರ ಹೆಸರನ್ನೂ ಹೇಳುತ್ತಿಲ್ಲ. ಶಿರಸಿಯಿಂದ ಕುಮಟಾಕ್ಕೆ ಹೋಗುವಾಗ ದೇವಿಮನೆ ಘಟ್ಟ ಇಳಿಯುವ ಮೊದಲು ಸಿಗುವ ಹಳ್ಳಿಗಳಲ್ಲಿ ಒಂದು ಎಂದು ತಿಳಿದರೆ ಸಾಕು. ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದವನು, ಸಸ್ಯಶಾಸ್ತ್ರ ಓದಿದವನಲ್ಲ. ಈ ಪ್ರಕರಣದಲ್ಲಿ ಇಡೀ ಒಂದು ಋತು ಹಾಳಾಗಲು ನನ್ನ ಆತುರವೇ ಕಾರಣ. ಬೀಜದ ಎಣ್ಣೆ ನೋಡಿ ಮರದ ಪ್ರಭೇದ ಹೇಳುತ್ತೇನೆಂದು ಹೊರಡುವ ಇನ್ನೊಬ್ಬರು ಅದೇ ತಪ್ಪು ಮಾಡಬಾರದೆಂದು ವಿವರವಾಗಿ ಬರೆಯುತ್ತಿದ್ದೇನೆ.

ಹಿನ್ನೆಲೆ

ಹಳ್ಳಿಯ ಮಹಿಳೆಯರ ಸಂಘವೊಂದು ಮುರುಗಲು ಬೀಜದಿಂದ ತುಪ್ಪ ತೆಗೆದು ಮಾರುತ್ತಿತ್ತು. ಮುರುಗಲು ಎಂದರೆ ಗಾರ್ಸೀನಿಯ ಇಂಡಿಕ. ದಕ್ಷಿಣ ಕನ್ನಡದವರಿಗೆ ಇದು ಪುನರ್ಪುಳಿ, ಕಾರವಾರದ ಕೊಂಕಣಿಯವರಿಗೆ ಭಿರಂಡ, ಪೇಟೆಯಲ್ಲಿ ಕೋಕಂ. ಸಿಪ್ಪೆ ಸಾರಿಗೆ, ಶರಬತ್ತಿಗೆ ಹೋಗುತ್ತದೆ. ಉಳಿಯುವ ಬೀಜವನ್ನು ಒಣಗಿಸಿ ಕುಟ್ಟಿ ನೀರಿನಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ಅದನ್ನು ತೆಗೆದು ಆರಿಸಿದರೆ ಗಟ್ಟಿ ಉಂಡೆ. ಹಿಮ್ಮಡಿ ಒಡೆದರೆ, ತುಟಿ ಬಿರಿದರೆ ನಮ್ಮ ಕಡೆಯ ಮನೆಗಳಲ್ಲಿ ಮೊದಲು ಹುಡುಕುವುದು ಈ ಉಂಡೆಯನ್ನೇ.

ಗಟ್ಟಿತನವೇ ಇದರ ಬೆಲೆ. ಮುರುಗಲು ತುಪ್ಪ ಕರಗುವುದು ಸುಮಾರು 38ರಿಂದ 42 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದರ ಕೊಬ್ಬಿನ ಆಮ್ಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಗಟ್ಟಿತನ ಕೊಡುವ ಸ್ಟಿಯರಿಕ್, ಉಳಿದದ್ದರಲ್ಲಿ ಬಹುಪಾಲು ಮೆತ್ತಗೆ ಮಾಡುವ ಓಲಿಯಿಕ್, ಪಾಮಿಟಿಕ್ ತೀರಾ ಕಡಿಮೆ. ಎರಡು ಸ್ಟಿಯರಿಕ್‌ಗಳ ನಡುವೆ ಒಂದು ಓಲಿಯಿಕ್ ಕೂತ ಒಂದೇ ಬಗೆಯ ಅಣು ಇದರಲ್ಲಿ ತುಂಬಿರುವುದರಿಂದ ಕೊಬ್ಬು ಕೋಣೆಯ ಶಾಖದಲ್ಲಿ ಕಲ್ಲಿನಂತಿದ್ದು ಮೈಶಾಖದ ಆಸುಪಾಸಿನಲ್ಲಿ ಕರಗುತ್ತದೆ. ಯುರೋಪಿನ ಒಕ್ಕೂಟ 2000ನೇ ಇಸವಿಯ ನಿಯಮದಲ್ಲಿ ಚಾಕೊಲೇಟಿಗೆ ಕೋಕೋ ಬೆಣ್ಣೆಯ ಜತೆ ಸ್ವಲ್ಪ ಸೇರಿಸಬಹುದೆಂದು ಒಪ್ಪಿದ ಆರು ಸಸ್ಯಕೊಬ್ಬುಗಳಲ್ಲಿ ಇದೂ ಒಂದು.

ಆ ಊರಿನ ಬೆಟ್ಟದಲ್ಲಿ ಮುರುಗಲು ಒಂಟಿಯಲ್ಲ. ಅಡಿಕೆ ತೋಟದ ಸೊಪ್ಪಿಗೆಂದು ಬಿಟ್ಟ ಸೊಪ್ಪಿನ ಬೆಟ್ಟವೆಂದರೆ ನಮ್ಮ ಜಿಲ್ಲೆಯಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ. ಅಲ್ಲಿ ಮುರುಗಲಿನ ದಾಯಾದಿಗಳೆಲ್ಲ ಒಟ್ಟಿಗೆ ನಿಂತಿರುತ್ತವೆ. ಕುಂಬಳದಂತೆ ಉದ್ದುದ್ದ ಗೀರು ಬಿದ್ದ ಹಣ್ಣಿನ ಉಪ್ಪಾಗೆ, ಅಂದರೆ ಗಾರ್ಸೀನಿಯ ಗುಮ್ಮಿ-ಗುಟ್ಟಾ. ತೊಗಟೆ ಕಚ್ಚು ಮಾಡಿದರೆ ಅರಿಶಿನದಂಥ ಅಂಟು ಸುರಿಸುವ ಅರಿಶಿನಗುರಗಿ, ಅಂದರೆ ಗಾರ್ಸೀನಿಯ ಮೊರೆಲ್ಲ. ಇವುಗಳ ಜತೆಗೆ ಬಿಳಿ ಮುರುಗಲು. ಹೆಸರಿಗೆ ಬಿಳಿ, ಹಣ್ಣು ಹಳದಿ. ಇದರ ಸಿಪ್ಪೆ ಹಾಕಿದರೆ ಸಾರು ಕೆಂಪಾಗುವುದಿಲ್ಲ. ಸಂಘಕ್ಕೆ ಬೀಜ ಮಾರುತ್ತಿದ್ದ ಒಂದು ಮನೆಯ ಬೆಟ್ಟದಲ್ಲಿ ಇಂಥ ಐದು ಮರಗಳಿದ್ದವು.

ತೊಡಕು

ಒಂದು ವರ್ಷ ದೀಪಾವಳಿಗೆ ಮುಂಚೆ ಸಂಘದ ಡಬ್ಬಿಗಳು ವಾಪಸು ಬಂದವು. ಬೆರಳಿಟ್ಟರೆ ಕುಸಿಯುತ್ತದೆ, ಇದು ಮುರುಗಲು ತುಪ್ಪವಲ್ಲ, ತಾಳೆ ಎಣ್ಣೆಯನ್ನೋ ವನಸ್ಪತಿಯನ್ನೋ ಬೆರೆಸಿದ್ದೀರಿ ಎಂಬುದು ಖರೀದಿದಾರನ ಆರೋಪ. ಸಂಘದ ಅಧ್ಯಕ್ಷೆ ಒಂದು ಡಬ್ಬಿ ಹಿಡಿದು ನನ್ನ ಮನೆಗೆ ಬಂದರು. "ಮಾಸ್ತರ್ರೇ, ನಾವು ಬೇರೆ ಎಂತದೂ ಹಾಕ್ಲಿಲ್ಲ. ದೇವರ ಮುಂದೆ ಬೇಕಾದ್ರೂ ಹೇಳ್ತೇವೆ" ಎಂದರು. ನಷ್ಟಕ್ಕಿಂತ ಆ ಮಾತೇ ಅವರಿಗೆ ಹೆಚ್ಚು ನೋವು ಕೊಟ್ಟಿತ್ತು.

ಊರಿನಲ್ಲಿ ಅಷ್ಟರೊಳಗೆ ಒಂದು ಉತ್ತರ ಸಿದ್ಧವಾಗಿತ್ತು. ಬಿಳಿ ಮುರುಗಲಿನ ಬೀಜ ಸೇರಿದ್ದೇ ಕಾರಣ, ಅದು ಮುರುಗಲೇ ಅಲ್ಲ, ಬೇರೆ ಜಾತಿ ಎಂದು. ಆ ಮನೆಯ ಬೀಜ ಇನ್ನು ಕೊಳ್ಳುವುದು ಬೇಡ ಎಂದು ಸಂಘದೊಳಗೇ ಮಾತು ಹೊರಟಿತು. ಮನೆಯ ಹಿರಿಯರಿಗೆ ಸಿಟ್ಟು ಬಂತು. ಅವರ ಮಗ ಐದೂ ಮರ ಕಡಿದು ಆ ಜಾಗದಲ್ಲಿ ಕಾಳುಮೆಣಸಿಗೆ ಬೇರೆ ಮರ ಎಬ್ಬಿಸುವ ಯೋಚನೆಯಲ್ಲಿದ್ದರು. ಹಾಗಾಗಿ ಪ್ರಶ್ನೆ ಎರಡಾಯಿತು: ತುಪ್ಪ ಮೆತ್ತಗಾದದ್ದು ಏಕೆ? ಬಿಳಿ ಮುರುಗಲು ಮುರುಗಲೇ ಹೌದೋ ಅಲ್ಲವೋ? ಇವೆರಡೂ ಒಂದೇ ಪ್ರಶ್ನೆ ಎಂದು ನಾನು ಅಂದುಕೊಂಡೆ. ಎಡವಿದ್ದು ಅಲ್ಲೇ.

ಮೊದಲ ಪ್ರಯತ್ನ

ಬೀಜದ ಕೊಬ್ಬು ಸಸ್ಯದ ನಂಟುತನ ಹೇಳುತ್ತದೆಂಬುದು ಹಳೆಯ ತಿಳಿವಳಿಕೆ. ಲಿವರ್‌ಪೂಲಿನ ಟಿ.ಪಿ. ಹಿಲ್ಡಿಚ್ 20ನೇ ಶತಮಾನದ ಮೊದಲರ್ಧದಲ್ಲಿ ನೂರಾರು ಕೊಬ್ಬುಗಳನ್ನು ಬಿಡಿಸಿ ನೋಡಿ, ಒಂದೇ ಕುಟುಂಬದ ಗಿಡಗಳ ಬೀಜದ ಕೊಬ್ಬು ಒಂದೇ ಮಾದರಿಯದಾಗಿರುತ್ತದೆ ಎಂದು ತೋರಿಸಿದ್ದರು. ಕೊತ್ತಂಬರಿ, ಜೀರಿಗೆಯ ಕುಟುಂಬದಲ್ಲಿ ಪೆಟ್ರೋಸೆಲಿನಿಕ್ ಎಂಬ ಆಮ್ಲ ತುಂಬಿರುತ್ತದೆ. ನಮ್ಮ ಘಟ್ಟದ ಹೊಳೆದಂಡೆಯ ಗರುಡಫಲದ ಕಥೆ ಇನ್ನೂ ಚೆನ್ನಾಗಿದೆ. ಕುಷ್ಠಕ್ಕೆ ಔಷಧವಾಗಿದ್ದ ಚಾಲ್‌ಮುಗ್ರ ಎಣ್ಣೆ ಯಾವ ಮರದ ಬೀಜದ್ದು ಎಂದು 19ನೇ ಶತಮಾನದುದ್ದಕ್ಕೂ ತಪ್ಪಾಗಿ ತಿಳಿದಿದ್ದರು. ಗೈನೋಕಾರ್ಡಿಯ ಎಂಬ ಮರದ್ದೆಂದು ಪುಸ್ತಕಗಳಲ್ಲಿತ್ತು. 1904ರಲ್ಲಿ ಫ್ರೆಡರಿಕ್ ಪವರ್ ಮತ್ತು ಸಂಗಡಿಗರು ಅಸಲಿ ಬೀಜದಿಂದ ಚಾಲ್‌ಮುಗ್ರಿಕ್ ಆಮ್ಲ ಬೇರ್ಪಡಿಸಿದರು. ಐದು ಇಂಗಾಲಗಳ ಉಂಗುರವನ್ನು ಹೊತ್ತ ವಿಚಿತ್ರ ಆಮ್ಲ ಅದು. ಗೈನೋಕಾರ್ಡಿಯದ ಎಣ್ಣೆಯಲ್ಲಿ ಅದು ಸಿಗಲಿಲ್ಲ. ನಮ್ಮ ಗರುಡಫಲ ಅಸಲಿಯ ಹತ್ತಿರದ ನೆಂಟ, ಅದರ ಎಣ್ಣೆಯಲ್ಲಿ ಉಂಗುರದ ಆಮ್ಲಗಳೇ ಹೆಚ್ಚು. ಹಿಂದೆ ಗರುಡಫಲವನ್ನೂ ನಾವು ಕಾಡಿನಲ್ಲಿ ತಿನ್ನುವ ಹಣ್ಣುಸಂಪಿಗೆಯನ್ನೂ ಒಂದೇ ಕುಟುಂಬದಲ್ಲಿ ಇಟ್ಟಿದ್ದರು. ಡಿಎನ್‌ಎ ಅಧ್ಯಯನಗಳ ನಂತರ ಆ ಕುಟುಂಬವನ್ನೇ ಒಡೆದು ಇವೆರಡನ್ನೂ ಬೇರೆ ಬೇರೆ ಕಡೆ ಸೇರಿಸಲಾಗಿದೆ.

ಇದನ್ನೆಲ್ಲ ಓದಿದ್ದ ನನಗೆ ಹುಮ್ಮಸ್ಸು ಬಂತು. ಆದರೆ ಚಾಲ್‌ಮುಗ್ರಿಕ್‌ನ ವಿಷಯ "ಇದೆ, ಇಲ್ಲ" ಎಂಬ ಬಗೆಯದು. ಮುರುಗಲು, ಉಪ್ಪಾಗೆ, ಗುರಗಿ ಮೂರೂ ಒಂದೇ ಕುಲದವು. ಮೂರರಲ್ಲೂ ಅವೇ ಸ್ಟಿಯರಿಕ್, ಓಲಿಯಿಕ್. ವ್ಯತ್ಯಾಸವೇನಿದ್ದರೂ "ಎಷ್ಟು ಇದೆ" ಎಂಬುದರಲ್ಲಿ. "ಇದೆ, ಇಲ್ಲ" ಎಂಬ ಸಾಕ್ಷ್ಯಕ್ಕಿಂತ "ಎಷ್ಟು ಇದೆ" ಎಂಬ ಸಾಕ್ಷ್ಯ ಬಹಳ ದುರ್ಬಲ. ಆಗ ಇದು ನನಗೆ ಹೊಳೆಯಲಿಲ್ಲ.

ಪರಿಚಯದ ಕಾಲೇಜಿನ ಪ್ರಯೋಗಶಾಲೆಯಲ್ಲಿ ಡಬ್ಬಿಯ ತುಪ್ಪದ ಅಯೋಡಿನ್ ಸಂಖ್ಯೆ, ಅಂದರೆ ನೂರು ಗ್ರಾಂ ಕೊಬ್ಬು ಎಷ್ಟು ಗ್ರಾಂ ಅಯೋಡಿನ್ ಹೀರುತ್ತದೆ ಎಂಬುದನ್ನು ನೋಡಿದೆ. ತುಪ್ಪವನ್ನು ಕರಗಿಸಿ, ಅಯೋಡಿನ್ ಇರುವ ವೈಸ್ ದ್ರಾವಣ ಹಾಕಿ ಕತ್ತಲಲ್ಲಿ ಅರ್ಧ ಗಂಟೆ ಇಟ್ಟು, ಉಳಿದ ಅಯೋಡಿನ್ನನ್ನು ಥಯೋಸಲ್ಫೇಟ್‌ನಿಂದ ಅಳೆಯುವ ಸಾದಾ ಪ್ರಯೋಗ. ಲೆಕ್ಕವೂ ಸುಲಭ: ಶುದ್ಧ ಸ್ಟಿಯರಿಕ್ ಕೊಬ್ಬು ಅಯೋಡಿನ್ ಹೀರುವುದಿಲ್ಲ, ಶುದ್ಧ ಓಲಿಯಿಕ್ ಕೊಬ್ಬಿನ ಸಂಖ್ಯೆ 86. ಶೇಕಡ 40 ಓಲಿಯಿಕ್ ಇರುವ ಮುರುಗಲು ತುಪ್ಪಕ್ಕೆ 34ರ ಹತ್ತಿರ ಬರಬೇಕು. ಡಬ್ಬಿಯದ್ದು ನಲವತ್ತನ್ನು ದಾಟಿತು. ಮೆತ್ತಗಾಗಲು ಕಾರಣ ಓಲಿಯಿಕ್ ಹೆಚ್ಚಾದದ್ದು ಎಂದಾಯಿತು.

ನಂತರ ಜಿಲ್ಲೆಯ ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿ ಗ್ಯಾಸ್ ಕ್ರೊಮ್ಯಾಟೋಗ್ರಫಿ ಮಾಡಿಸಿದೆವು. ಕೊಬ್ಬನ್ನು ಮಿಥೈಲ್ ಎಸ್ಟರ್‌ಗಳಾಗಿ ಮಾಡಿ ಯಂತ್ರಕ್ಕೆ ಬಿಟ್ಟರೆ ಪ್ರತಿ ಆಮ್ಲಕ್ಕೂ ಒಂದೊಂದು ಶಿಖರ ಮೂಡುತ್ತದೆ. ಆ ವರದಿಯಿಂದ ಒಂದು ಒಳ್ಳೆಯದಾಯಿತು. ತಾಳೆ ಎಣ್ಣೆಯಲ್ಲಿ ಪಾಮಿಟಿಕ್ ಶೇಕಡ 44ರ ಸುಮಾರಿಗೆ ಇರುತ್ತದೆ. ತುಪ್ಪ ಅಷ್ಟು ಮೆತ್ತಗಾಗುವಷ್ಟು ತಾಳೆ ಬೆರೆಸಿದ್ದರೆ ಪಾಮಿಟಿಕ್ ಮೇಲೇರಲೇಬೇಕು. ಡಬ್ಬಿಯಲ್ಲಿ ಅದು ಮುರುಗಲಿನಲ್ಲಿ ಇರಬೇಕಾದಷ್ಟೇ ಕೆಳಗಿತ್ತು. ಕಲಬೆರಕೆಯ ಆರೋಪ ಅಲ್ಲಿಗೆ ಬಿದ್ದುಹೋಯಿತು. ಆ ಹಾಳೆ ಕೈಗೆ ಬಂದ ದಿನ ಸಂಘದ ಮನೆಯಲ್ಲಿ ಎಲ್ಲರಿಗೂ ಪಾಯಸ ಬಡಿಸಿದರು.

ನನ್ನ ತಪ್ಪು ನಡೆದದ್ದು ಅದೇ ದಿನ. ವರದಿಯಲ್ಲಿ ಸ್ಟಿಯರಿಕ್ಕೂ ಓಲಿಯಿಕ್ಕೂ ಹೆಚ್ಚುಕಡಿಮೆ ಸಮಸಮ ಇದ್ದವು. ಗುರಗಿಯ ಬೀಜದ ಕೊಬ್ಬಿನಲ್ಲಿ ಎರಡೂ ಹೆಚ್ಚುಕಡಿಮೆ ಸಮ ಇರುತ್ತವೆಂದು ಓದಿದ್ದೆ. ಗುರಗಿಯ ಹಣ್ಣೂ ದುಂಡಗೆ, ನುಣ್ಣಗೆ, ಹಳದಿ. ಎರಡನ್ನೂ ಜೋಡಿಸಿ, ಬಿಳಿ ಮುರುಗಲು ನಿಜಕ್ಕೂ ಗುರಗಿಯ ಒಂದು ರೂಪ ಇರಬೇಕು ಎಂದು ಎಲ್ಲರ ಎದುರು ಹೇಳಿಬಿಟ್ಟೆ. ಹಿರಿಯರು ಬಾಗಿಲ ಹತ್ತಿರ ನಿಂತಿದ್ದರು. "ನಮ್ಮ ಅಪ್ಪನ ಕಾಲದಿಂದ ಅದು ಮುರುಗಲೇ. ನೀವು ಕಾಗದ ನೋಡಿ ಬೇರೆ ಎಂದ್ರೆ ಬೇರೆ ಆಗ್ತದೆಯಾ?" ಎಂದು ಹೊರಟುಹೋದರು.

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಡಬ್ಬಿಯ ತುಪ್ಪ ಯಾವ ಮರದ್ದೂ ಅಲ್ಲ. ಅದು ಹತ್ತಾರು ಮನೆಗಳ ಬೀಜದ ಸರಾಸರಿ. ಸ್ಟಿಯರಿಕ್ ಅರವತ್ತು ಇರುವ ಬೀಜಕ್ಕೆ ನಲವತ್ತು ಇರುವ ಬೀಜ ಸಮಪಾಲು ಸೇರಿದರೆ ಐವತ್ತು ಬರುತ್ತದೆ. ಆ ಐವತ್ತನ್ನು ಕಂಡು ಮೂರನೆಯ ಪ್ರಭೇದವೊಂದರ ಹೆಸರು ಹೇಳುವುದು ಎಷ್ಟು ಸುಲಭ, ಎಷ್ಟು ಅನ್ಯಾಯ!

ಎರಡನೆಯ ಋತು

ಗೆಳೆಯರಾದ ಸಸ್ಯಶಾಸ್ತ್ರಜ್ಞರೊಬ್ಬರಿಗೆ ಎಲ್ಲವನ್ನೂ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ಬೀಜ ಯಾವ ಮರದ್ದು ಎಂದು ತೋರಿಸು" ಎಂದಷ್ಟೇ ಕೇಳಿದರು. ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಮುಂದಿನ ಹಣ್ಣಿನ ಕಾಲದವರೆಗೆ ಕಾಯುವುದೇ ದಾರಿ ಎಂದು ಅವತ್ತು ತೀರ್ಮಾನಿಸಿದೆವು. ನಾನೇ ಹಿರಿಯರ ಮನೆಗೆ ಹೋಗಿ, ನನ್ನ ಮಾತಿಗೆ ಆಧಾರವಿರಲಿಲ್ಲ, ಒಂದು ವರ್ಷ ಮರ ಕಡಿಯಬೇಡಿ ಎಂದು ಕೇಳಿಕೊಂಡೆ. ಕವಳದ ಬಟ್ಟಲು ಮುಂದೆ ಸರಿಸಿದರು. ಒಪ್ಪಿದರೆಂದು ಅದರಿಂದ ಗೊತ್ತಾಯಿತು.

ಈ ಸಲ ಕೆಲಸ ಮರದಿಂದ ಶುರುವಾಯಿತು. ಐದು ಬಿಳಿ ಮುರುಗಲಿಗೆ ಒಂದೊಂದು ತಗಡಿನ ಸಂಖ್ಯೆ ಕಟ್ಟಿದೆವು. ಹೋಲಿಕೆಗೆ ಯಾರಿಗೂ ಅನುಮಾನವಿಲ್ಲದ ಕೆಂಪು ಮುರುಗಲು, ಉಪ್ಪಾಗೆ, ಗುರಗಿಗಳನ್ನು ಆರಿಸಿದೆವು. ಪ್ರತಿಯೊಂದರಲ್ಲೂ ಹಲವು ಮರ, ಏಕೆಂದರೆ ಒಂದೇ ಮರದ ಅಂಕಿಯನ್ನು ಇಡೀ ಪ್ರಭೇದದ ಅಂಕಿ ಎನ್ನಲಾಗದು. ಕೆಂಪು ಮುರುಗಲನ್ನು ಘಟ್ಟದ ಮೇಲಿನಿಂದಷ್ಟೇ ಅಲ್ಲ, ಕೆಳಗೆ ಕುಮಟಾ ಕಡೆಯಿಂದಲೂ ತಂದೆವು. ತಂಪಿನಲ್ಲಿ ಬಲಿತ ಬೀಜದಲ್ಲಿ ಓಲಿಯಿಕ್‌ನಂಥ ಅಪರ್ಯಾಪ್ತ ಆಮ್ಲ ಸ್ವಲ್ಪ ಏರುವುದು ಹಲವು ಎಣ್ಣೆಬೀಜಗಳಲ್ಲಿ ಕಂಡದ್ದು. ಜಾಗದಿಂದ ಬರುವ ಏರಿಳಿತವನ್ನು ಜಾತಿಯ ಭೇದವೆಂದು ಎಣಿಸಿಬಿಡುವ ಅಪಾಯ ಇಲ್ಲೂ ಇತ್ತು. ಪ್ರತಿ ಮರದ ಎಲೆ, ಹಣ್ಣು ಸಹಿತ ಟೊಂಗೆಯನ್ನು ಒತ್ತಿ ಒಣಗಿಸಿ ಇಟ್ಟೆವು. ಹಣ್ಣನ್ನು ನೆಲದಿಂದ ಆರಿಸಲಿಲ್ಲ, ದೋಟಿಯಿಂದ ಅದೇ ಮರದಿಂದ ಇಳಿಸಿದೆವು. ಬೆಟ್ಟದಲ್ಲಿ ಒಂದರ ಹಣ್ಣು ಉರುಳಿ ಇನ್ನೊಂದರ ಬುಡ ಸೇರುತ್ತದೆ. ಮಾಗಿದ ಹಣ್ಣೇ ಬೇಕೆಂದು ಕಾದೆವು. ಬಲಿಯುವ ಹಂತದಲ್ಲಿ ಬೀಜದೊಳಗಿನ ಆಮ್ಲಗಳ ಪ್ರಮಾಣ ಬದಲಾಗುತ್ತಲೇ ಇರುತ್ತದೆ. ಬೀಜಗಳನ್ನು ಬೇರೆ ಬೇರೆ ಅಡಿಕೆ ಹಾಳೆಯ ಮೇಲೆ ನೆರಳಲ್ಲಿ ಒಣಗಿಸಿ, ಬಟ್ಟೆಚೀಲದೊಳಗೆ ಪೆನ್ಸಿಲಿನಲ್ಲಿ ಬರೆದ ಚೀಟಿ ಹಾಕಿದೆವು. ನಮ್ಮ ಮಳೆಗಾಲದಲ್ಲಿ ಶಾಯಿ ಉಳಿಯುವುದಿಲ್ಲ.

ಚೀಲ ಕಳಿಸುವ ಮೊದಲು ಪ್ರಯೋಗಾಲಯದವರು ಬೀಜ ಎಷ್ಟು ಹಳೆಯದೆಂದು ಕೇಳಿದರು. ಹಳಸಿದ ಬೀಜದಲ್ಲಿ ಕೊಬ್ಬು ಒಡೆದು ಬಿಡಿ ಆಮ್ಲಗಳಾಗಿರುತ್ತವೆ. ಕ್ಷಾರ ಬಳಸುವ ವಿಧಾನದಲ್ಲಿ ಅವು ಎಸ್ಟರ್ ಆಗದೆ ತಪ್ಪಿಸಿಕೊಳ್ಳುತ್ತವೆ. ಹಾಗಾಗಿ ಹಳತು ಹೊಸತು ಎಲ್ಲಕ್ಕೂ ಆಮ್ಲ ಬಳಸುವ ವಿಧಾನವನ್ನೇ ಅನುಸರಿಸಿದರು. ಹಿಂದಿನ ವರ್ಷ ಈ ಪ್ರಶ್ನೆಯನ್ನು ನಾನು ಕೇಳಿಯೇ ಇರಲಿಲ್ಲ.

ಬಂದ ಫಲಿತಾಂಶ

ಐದು ಬಿಳಿ ಮುರುಗಲು ಮರಗಳಲ್ಲಿ ನಾಲ್ಕು, ಕೆಂಪು ಮುರುಗಲಿನ ಏರಿಳಿತದ ಒಳಗೇ ಕೂತವು. ಸ್ಟಿಯರಿಕ್ ಅರ್ಧದ ಮೇಲೆ, ಓಲಿಯಿಕ್ ಅದಕ್ಕಿಂತ ಸಾಕಷ್ಟು ಕೆಳಗೆ. ಉಪ್ಪಾಗೆಯೂ ಗುರಗಿಯೂ ಓಲಿಯಿಕ್ ಹೆಚ್ಚಿರುವ ಕಡೆ ದೂರ ನಿಂತವು. ನಮ್ಮ ಮಾದರಿಗಳಲ್ಲಿ ಈ ಎರಡು ಮಾತ್ರ ಒಂದರ ಮೇಲೊಂದು ಬಿದ್ದವು. ಬರೀ ಅಂಕಿ ನೋಡಿದವರು ಉಪ್ಪಾಗೆ ಯಾವುದು, ಗುರಗಿ ಯಾವುದು ಎಂದು ಹೇಳಲಾರರು. ಹಣ್ಣು ನೋಡಿದ ಶಾಲೆಯ ಮಗುವಾದರೂ ಹೇಳುತ್ತದೆ: ಒಂದರ ಮೈತುಂಬ ಗೀರು, ಇನ್ನೊಂದು ಗೋಲಿಯಂತೆ ನುಣುಪು. ಕಣ್ಣಿಗೆ ಗೊಂದಲವಾದ ಕಡೆ ಕೊಬ್ಬು ದಾರಿ ತೋರಿಸಿತು, ಕಣ್ಣಿಗೆ ಸ್ಪಷ್ಟವಿದ್ದ ಕಡೆ ಅದೇ ಕೊಬ್ಬು ಸುಮ್ಮನಾಯಿತು. ಗೆಳೆಯರು ಒತ್ತಿಟ್ಟ ಟೊಂಗೆ, ಹಣ್ಣುಗಳನ್ನು ಬೇರೆಯಾಗಿ ನೋಡಿ ಆ ನಾಲ್ಕನ್ನೂ ಮುರುಗಲೆಂದೇ ಗುರುತಿಸಿದ್ದರು. ನಾನು ಅಂಕಿ ತೋರಿಸುವ ಮೊದಲೇ ತಮ್ಮ ತೀರ್ಮಾನ ಬರೆದಿಟ್ಟಿದ್ದರು. ಎರಡು ದಾರಿಯಲ್ಲಿ ಬಂದವರು ಒಂದೇ ಮನೆಗೆ ಸೇರಿದಂತಾಯಿತು. ಕೊಬ್ಬಿನ ಅಂಕಿಯೊಂದೇ ಇದ್ದಿದ್ದರೆ ನಾನು ಇಷ್ಟು ಧೈರ್ಯದಿಂದ ಬರೆಯುತ್ತಿರಲಿಲ್ಲ.

ಹಾಗಾದರೆ ಹಿಂದಿನ ವರ್ಷದ ತುಪ್ಪ ಮೆತ್ತಗಾದದ್ದು ಏಕೆ? ಉತ್ತರ ಸಿಕ್ಕಿದ್ದು ಸಂಘದ ಖರೀದಿ ಪುಸ್ತಕದಲ್ಲಿ. ಮುರುಗಲು ಹಣ್ಣು ಏಪ್ರಿಲ್‌ನಿಂದ ಮಳೆ ಹಿಡಿಯುವವರೆಗಿನದು. ಪುಸ್ತಕದಲ್ಲಿ ಶ್ರಾವಣದಲ್ಲೂ ಬೀಜ ಕೊಂಡ ಲೆಕ್ಕವಿತ್ತು, ಅದೂ ಸಣ್ಣ ಪ್ರಮಾಣವಲ್ಲ. ಜಡಿಮಳೆಯಲ್ಲಿ ನಮ್ಮ ಬೆಟ್ಟದಲ್ಲಿ ಹಣ್ಣಾಗುವುದು ಉಪ್ಪಾಗೆ. ಅದರ ಸಿಪ್ಪೆಯನ್ನು ಒಲೆಯ ಹೊಗೆಯ ಮೇಲೆ ಒಣಗಿಸುತ್ತಾರೆ. ತೂಕ ಇಳಿಸುವ ಔಷಧಕ್ಕೆಂದು 1990ರ ದಶಕದಿಂದ ಆ ಸಿಪ್ಪೆಗೆ ಹೊರದೇಶದ ಬೇಡಿಕೆ ಬಂದ ಮೇಲೆ ಕೊಯ್ಯುವವರೂ ಹೆಚ್ಚಾದರು. ಸಿಪ್ಪೆಗೆ ಬೆಲೆ, ಬೀಜ ಒಲೆಯ ಪಕ್ಕ ರಾಶಿ. ಆ ವರ್ಷ ಬೀಜ ಕಡಿಮೆ ಬಿದ್ದಾಗ ಯಾರೋ ಆ ರಾಶಿಯನ್ನೂ ಒಣಗಿಸಿ ತಂದಿದ್ದರು. ಅದರಲ್ಲಿ ಮೋಸದ ಉದ್ದೇಶ ಇರಲಿಲ್ಲ. ಉಪ್ಪಾಗೆ ತುಪ್ಪವೂ ನಮ್ಮಲ್ಲಿ ಅಡುಗೆಗೆ ಬಳಸಿದ ತುಪ್ಪವೇ, ದೋಸೆಗೆ ಹಾಕಿದವರು ಇನ್ನೂ ಇದ್ದಾರೆ. ಅದು ಮುರುಗಲಿನದ್ದರಷ್ಟು ಗಟ್ಟಿಯಲ್ಲ, ಅಷ್ಟೇ.

ಅಟ್ಟದ ಮೇಲೆ ಹಳೆಯ ಬೀಜದ ಅರ್ಧ ಮೂಟೆ ಉಳಿದಿತ್ತು. ಸಂಘದ ಹೆಂಗಸರು ಜಗಲಿಯಲ್ಲಿ ಹರವಿ, ದೊಡ್ಡ ಬೀಜ ಸಣ್ಣ ಬೀಜ ಬೇರೆ ಮಾಡಿದರು. ಎರಡನ್ನೂ ಬೇರೆ ಬೇರೆ ಕುದಿಸಿ ತುಪ್ಪ ತೆಗೆದೆವು. ಒಂದು ಉಂಡೆ ಕಟ್ಟಿತು, ಇನ್ನೊಂದರಲ್ಲಿ ಬೆರಳು ಇಳಿಯಿತು. ಅಯೋಡಿನ್ ಸಂಖ್ಯೆಯೂ ಹಾಗೆಯೇ ಎರಡಾಗಿ ಒಡೆಯಿತು. ಬಿಳಿ ಮುರುಗಲಿನ ಬಗ್ಗೆ ಊರಿಗಿದ್ದ ಅನುಮಾನಕ್ಕೂ ತುಪ್ಪ ಮೆತ್ತಗಾದದ್ದಕ್ಕೂ ಸಂಬಂಧವೇ ಇರಲಿಲ್ಲ.

ಆ ವರ್ಷದಿಂದ ಸಂಘದಲ್ಲಿ ಎರಡು ಬದಲಾವಣೆ. ಮೂಟೆಯ ಮೇಲೆ ತಂದವರ ಹೆಸರಿನ ಜತೆ ಹಣ್ಣಿನ ಹೆಸರನ್ನೂ ತಾರೀಕನ್ನೂ ಬರೆಯುತ್ತಾರೆ. ಮಳೆ ಹಿಡಿದ ಮೇಲೆ ಬಂದ ಬೀಜವನ್ನು ಬೇರೆ ಕುದಿಸಿ ಉಪ್ಪಾಗೆ ತುಪ್ಪ ಎಂದೇ ಮಾರುತ್ತಾರೆ. ಹಳೆಯ ಖರೀದಿದಾರ ಮತ್ತೆ ಬರಲಿಲ್ಲ. ಬೇರೆಯವರು ಸಿಕ್ಕರು.

ಐದನೆಯ ಮರ

ಸಂಖ್ಯೆ 5ರ ಮರ ಮಾತ್ರ ಎಲ್ಲೂ ಸೇರಲಿಲ್ಲ. ಎಲೆ, ಹಣ್ಣು ಮುರುಗಲಿನಂತೆ. ಬೀಜದ ಓಲಿಯಿಕ್ ಮಾತ್ರ ಮುರುಗಲಿಗಿಂತ ಹೆಚ್ಚು, ಉಪ್ಪಾಗೆಗಿಂತ ಕಡಿಮೆ. ಬೇರೆ ಬೀಜ ಸೇರಿತೇ ಎಂದು ಚೀಲ ಬಿಚ್ಚಿ ನೋಡಿದೆವು, ಸೇರಿರಲಿಲ್ಲ. ಮರುವರ್ಷ ಅದೇ ಮರದಿಂದ ಮತ್ತೆ ಹಣ್ಣು ಇಳಿಸಿ ಅಯೋಡಿನ್ ಸಂಖ್ಯೆ ನೋಡಿದೆ. ಅದೇ ನಡುವಿನ ಜಾಗ.

ಈ ಮರದ ನೆಪದಲ್ಲಿ ನಾನು ಕಲಿತ ಸಂಗತಿ ನನಗೆ ಉಳಿದೆಲ್ಲಕ್ಕಿಂತ ದೊಡ್ಡದೆನಿಸಿದೆ. ಮುರುಗಲಿನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹಣ್ಣಿನ ಸಿಪ್ಪೆ ತಾಯಿಮರದ ಮೈ. ಒಳಗಿನ ಬೀಜ ಹಾಗಲ್ಲ. ಈ ಕುಲದ ಬೀಜದಲ್ಲಿ ಬೀಜದಳಗಳು ಹೆಸರಿಗಷ್ಟೇ ಇವೆ, ಗಟ್ಟಿಯಾಗಿ ತುಂಬಿರುವುದು ಊದಿಕೊಂಡ ಭ್ರೂಣದ ಕಾಂಡ. ಕೊಬ್ಬು ಇರುವುದು ಅದರಲ್ಲಿ. ಭ್ರೂಣವೆಂದರೆ ಮುಂದಿನ ತಲೆಮಾರು. ಅದರಲ್ಲಿ ತಂದೆಯ ಪಾಲೂ ಇರಬಹುದು. ನಾವು ತಾಯಿಯ ಕೊರಳಿಗೆ ಸಂಖ್ಯೆ ಕಟ್ಟಿ ಮಕ್ಕಳ ಮೈ ಅಳೆಯುತ್ತಿದ್ದೆವು. ಹಣ್ಣಿನ ಬಣ್ಣವನ್ನೂ ಬೀಜದ ಕೊಬ್ಬನ್ನೂ ಒಂದೇ ಸಾಲಿನಲ್ಲಿ ಬರೆದು ಹೋಲಿಸುವಾಗ ಇದನ್ನು ನೆನಪಿಡಬೇಕು. ಐದನೆಯ ಮರದ ಸುತ್ತ ಯಾವ ಗಂಡು ಮರಗಳಿವೆ ಎಂದು ನೋಡದೆ ಆ ಅಂಕಿಗೆ ಅರ್ಥ ಹೇಳಲು ಹೋಗುವುದಿಲ್ಲ ಎಂದು ಗೆಳೆಯರೂ ನಾನೂ ಒಪ್ಪಿಕೊಂಡಿದ್ದೇವೆ. ಆ ಮರಗಳ ಹೂವಿನ ಕಾಲದಲ್ಲಿ ಬೆಟ್ಟ ಸುತ್ತಿ ಗಂಡು ಮರಗಳಿಗೂ ತಗಡು ಕಟ್ಟಿದ್ದೇವೆ. ಹತ್ತಿರದಲ್ಲೇ ಉಪ್ಪಾಗೆಯೂ ಇದೆ.

ಹಿರಿಯರ ಮಗ ಮರ ಕಡಿಯುವ ಮಾತು ಬಿಟ್ಟರು. ಐದನೆಯ ಮರದ ಬೀಜವನ್ನು ತಾವೇ ಕೊಟ್ಟಿಗೆಯ ಪಕ್ಕ ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿದ್ದಾರೆ. ಮೊಳೆತ ಸಸಿಗಳನ್ನು ಈ ಮಳೆಗಾಲ ಬೆಟ್ಟದ ಅಂಚಿಗೆ ನೆಡುವುದೆಂದಿದೆ. ಮುರುಗಲು ಸಸಿ ಹಣ್ಣು ಬಿಡಲು ವರ್ಷಗಳು ಬೇಕು, ಅದರಲ್ಲೂ ಗಂಡಾದವು ಬಿಡುವುದೇ ಇಲ್ಲ. ಹಿರಿಯರು ಮೊನ್ನೆ ನನ್ನನ್ನು ಕರೆದು, ಪ್ರತಿ ಸಸಿಗೂ ಈಗಲೇ ತಗಡಿನ ಸಂಖ್ಯೆ ಮಾಡಿಸಿ ತನ್ನಿ ಎಂದರು.